ಬರಹಗಾರರಿಗೆ ಸಲಹೆ: ಬೈಬಲ್ ವಚನಕ್ಕೆ ಅವಸರ ಬೇಡ

ಕರ್ತನಲ್ಲಿ ಪ್ರಿಯ ಸಹೋದರಿಯವರಿಗೆ ವಂದನೆಗಳು.

ನಮ್ಮಲ್ಲಿ ಪ್ರಕಟಿಸಲೆಂದು ನೀವು ಕಳುಹಿಸಿದ ‘ಮಗನ ಹಟ, ದೇವರ ತಾಳ್ಮೆ’ ಎಂಬ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ಪ್ರಕಟಿಸಲೇಬೇಕಾದ ಒಂದು ಬರಹ ಅದರೊಳಗೆ ಅಡಗಿದೆ ಎಂದು ನನಗೆ ದೃಢವಾಗಿ ಅನ್ನಿಸಿರುವುದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಕೆಲಸದಿಂದ ದಣಿದು ಬಂದ ಸಂಜೆ, ಏಳರ ಮಗ್ಗಿಯಲ್ಲಿ ಮತ್ತೆಮತ್ತೆ ಎಡವುತ್ತಿದ್ದ ಮಗನಿಗೆ ನೀವು ಹೊಡೆದಿರಿ. ಲೇಖನದ ಜೀವ ಇರುವುದು ಇಲ್ಲಿಯೇ, ಆದರೆ ಇದಕ್ಕೆ ನೀವು ಕೊಟ್ಟಿರುವುದು ಅರ್ಧ ವಾಕ್ಯ ಮಾತ್ರ. ಉಳಿದರ್ಧದಲ್ಲಿ ಬೈಬಲಿನ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದ 6ನೇ ವಚನ ಬಂದು, ಕರ್ತನು ತಾನು ಪ್ರೀತಿಸುವವನನ್ನು ಶಿಕ್ಷಿಸುತ್ತಾನೆಂಬ ಮಾತು ಆ ಏಟಿಗೆ ಸಮರ್ಥನೆಯಾಗಿ ನಿಂತುಬಿಡುತ್ತದೆ. ದಯವಿಟ್ಟು ಅದೇ ಅಧ್ಯಾಯದ 10ನೇ ವಚನದವರೆಗೆ ಓದಿ. ತಂದೆಗಳು ತಮಗೆ ಸರಿತೋರಿದ ಹಾಗೆ ಶಿಕ್ಷಿಸಿದರು, ದೇವರಾದರೋ ನಮ್ಮ ಹಿತಕ್ಕಾಗಿಯೇ ಶಿಕ್ಷಿಸುತ್ತಾನೆ ಎಂದು ಅಲ್ಲಿ ಇಬ್ಬರನ್ನೂ ಬೇರ್ಪಡಿಸಿ ಹೇಳಲಾಗಿದೆ. ನಿಮ್ಮ ಲೇಖನ ಹುಟ್ಟಬೇಕಾದದ್ದು ಆ ಅಂತರದಲ್ಲಿ. ಆ ಸಂಜೆ ನಿಮಗೆ ಸರಿತೋರಿದ್ದು ಏನು, ಮಗನ ಕಲಿಕೆಯ ಚಿಂತೆ ಎಷ್ಟು, ದಣಿವು ಎಷ್ಟು, ಪಕ್ಕದ ಮನೆಯ ಮಗು ಮಗ್ಗಿಯನ್ನು ಪಟಪಟನೆ ಒಪ್ಪಿಸುತ್ತದೆಂಬ ಸಂಕಟ ಎಷ್ಟು ಎಂಬುದನ್ನು ಬರೆಯುವ ಧೈರ್ಯ ನಿಮಗಿದೆ ಎಂದು ನಂಬುತ್ತೇನೆ.

ನಿಮ್ಮ ಲೇಖನದುದ್ದಕ್ಕೂ ತಾಯಿ ದೇವರ ಸ್ಥಾನದಲ್ಲಿದ್ದಾಳೆ, ಮಗು ಪಾಪಿಯ ಸ್ಥಾನದಲ್ಲಿದೆ. ಪ್ರವಾದಿ ಹೋಶೇಯನ ಗ್ರಂಥದ 11ನೇ ಅಧ್ಯಾಯದಲ್ಲಿ ದೇವರು ಎಫ್ರಾಯೀಮಿಗೆ, ಅಂದರೆ ತನ್ನ ಜನರಾದ ಇಸ್ರಾಯೇಲರಿಗೆ, ನಡೆದಾಡಲು ಕಲಿಸಿದ ತಂದೆಯಾಗಿ ಮಾತಾಡುತ್ತಾನೆ, ನಿಜ. ಆದರೆ 131ನೇ ಕೀರ್ತನೆಯಲ್ಲಿ ಪ್ರಾರ್ಥಿಸುವ ವಯಸ್ಕನೇ ತಾಯಿಯ ಬಳಿಯಿರುವ, ಮೊಲೆಬಿಟ್ಟ ಕೂಸು. ಲೂಕನ ಸುವಾರ್ತೆಯ 2ನೇ ಅಧ್ಯಾಯವಂತೂ ನಮ್ಮಂಥ ಹೆತ್ತವರಿಗಾಗಿಯೇ ಬರೆದಂತಿದೆ. ಹನ್ನೆರಡು ವರ್ಷದ ಯೇಸು ಜೊತೆಯವರ ಗುಂಪಿನಲ್ಲಿ ಇರಬಹುದೆಂದುಕೊಂಡು ಮರಿಯಳೂ ಯೋಸೇಫನೂ ಒಂದು ದಿನದ ಪ್ರಯಾಣ ಮಾಡುತ್ತಾರೆ, ಬಂಧುಬಳಗದಲ್ಲಿ ಹುಡುಕುತ್ತಾರೆ, ಕಾಣದೆ ಯೆರೂಸಲೇಮಿಗೆ ಹಿಂದಿರುಗುತ್ತಾರೆ. ಮೂರು ದಿನಗಳ ಮೇಲೆ ಬಾಲಕ ದೇವಾಲಯದಲ್ಲಿ ಬೋಧಕರ ನಡುವೆ ಸಿಗುತ್ತಾನೆ. ತಾಯಿ ಗದರುತ್ತಾಳೆ, ಮಗ ಉತ್ತರ ಕೊಡುತ್ತಾನೆ, ಆ ಉತ್ತರ ತಂದೆತಾಯಿಗಳಿಗೆ ಅರ್ಥವಾಗಲಿಲ್ಲವೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಮರಿಯಳು ಕೂಡಲೇ ಅದರಿಂದ ಪಾಠ ತೆಗೆಯಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಳು. ನೀವೂ ಅಷ್ಟು ಕಾಲಾವಕಾಶ ಕೊಡಿ. ರಾತ್ರಿ ಹಾಸಿಗೆಯಲ್ಲಿ ಮಗ “ಅಮ್ಮಾ, ನಾಳೆಯೂ ಮಗ್ಗಿ ಉಂಟಾ?” ಎಂದು ಕೇಳಿದನೆಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಅದೊಂದೇ, ಅದರ ಬೆನ್ನಿಗೇ ನೀವು ನಾಲ್ಕು ವಚನಗಳನ್ನು ಸಾಲಾಗಿ ಇಟ್ಟಿದ್ದೀರಿ. ನಾಲ್ಕನ್ನೂ ತೆಗೆಯಿರಿ. ಮಗುವಿನ ದನಿಯಲ್ಲಿದ್ದ ಭಯಕ್ಕೆ ನೀವೇನು ಹೇಳಿದಿರಿ ಎಂಬುದನ್ನು ಆ ಜಾಗದಲ್ಲಿ ಬರೆಯಿರಿ.

ಕೊನೆಯ ಭಾಗದಲ್ಲಿ ಜ್ಞಾನೋಕ್ತಿ 22:6ನ್ನು, ಅಂದರೆ ನಡೆಯಬೇಕಾದ ದಾರಿಯಲ್ಲಿ ಮಗುವನ್ನು ಬೆಳೆಸಿದರೆ ಮುಪ್ಪಿನಲ್ಲೂ ಅದು ದಾರಿ ತಪ್ಪದು ಎಂಬ ಮಾತನ್ನು, ವಾಗ್ದಾನದಂತೆ ಬಳಸಿದ್ದೀರಿ. ಅದು ವಿವೇಕದ ನುಡಿ, ಖಾತರಿಪತ್ರವಲ್ಲ. ಸಂಡೇ ಸ್ಕೂಲಿಗೂ ಕುಟುಂಬ ಪ್ರಾರ್ಥನೆಗೂ ತಪ್ಪದೆ ಕೂರಿಸಿ ಬೆಳೆಸಿದ ಮಗ ಕ್ರೈಸ್ತ ಸಭೆಯನ್ನೇ ಬಿಟ್ಟುಹೋದ ನೋವಿನಲ್ಲಿರುವ ತಾಯಂದಿರು ನಮ್ಮ ಓದುಗರಲ್ಲಿದ್ದಾರೆ. ನಿಮ್ಮ ಈ ಭಾಗ ಅವರ ಮೇಲೆ ಅನ್ಯಾಯವಾಗಿ ತಪ್ಪು ಹೊರಿಸುತ್ತದೆ.

ಇನ್ನೊಂದು ಮಾತು, ಮಗುವಿನ ಪರವಾಗಿ. ಅವನ ಹೆಸರು, ಶಾಲೆ, ತರಗತಿ, ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಎಲ್ಲವೂ ಲೇಖನದಲ್ಲಿವೆ. ಸಭೆಯ ಮಕ್ಕಳೇ ಅವನ ಸಹಪಾಠಿಗಳು. ಇವೆಲ್ಲವನ್ನೂ ನಾನು ಖಂಡಿತವಾಗಿ ತೆಗೆಸುತ್ತೇನೆ, ಇದರಲ್ಲಿ ರಾಜಿಯಿಲ್ಲ.

ಮಗುವಿನ ತಂದೆ ಪ್ರಾರ್ಥನೆ ನಡೆಸುವಾಗ ಮಾತ್ರ ಕಾಣಿಸಿಕೊಳ್ಳುತ್ತಾರೆ. ಮಗ್ಗಿ ಒಪ್ಪಿಸುವ ಹೊತ್ತಿನಲ್ಲಿ ಅವರು ಎಲ್ಲಿದ್ದರು? ಮಕ್ಕಳ ಮನಗುಂದಿಸಬೇಡಿರಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3:21ರಲ್ಲಿ ಹೇಳಿರುವುದು ತಂದೆಗಳನ್ನು ಹೆಸರಿಸಿಯೇ. ತಿದ್ದಿದ ಪ್ರತಿಯನ್ನು ಕಳುಹಿಸುವ ಮುನ್ನ ಅವರಿಗೂ ಓದಲು ಕೊಡಿ, ಅವರು ಒಪ್ಪದ ಸಾಲುಗಳಿದ್ದರೆ ಅಳಿಸದೆ ಗುರುತು ಹಾಕಿ ನನಗೆ ಕಳುಹಿಸಿ.