ಉಡುಪು ಮೊದಲೋ, ವಿಡಿಯೊ ಮೊದಲೋ?

ಪ್ರಶ್ನೆ: ಪಂಕ್, ಹಿಪ್‌ಹಾಪ್, ಹೆವಿ ಮೆಟಲ್ ಮುಂತಾದ ಸಂಗೀತ ಪ್ರಕಾರಗಳ ಅನುಯಾಯಿಗಳಿಗೆ ತಮ್ಮದೇ ಆದ ವೇಷಭೂಷಣ, ನಡೆನುಡಿಗಳಿರುತ್ತವೆ. ಇವನ್ನೆಲ್ಲ ಸೃಷ್ಟಿಸಿದ್ದು ಮ್ಯೂಸಿಕ್ ವಿಡಿಯೊಗಳೇ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಇಸವಿಗಳನ್ನು ಜೋಡಿಸಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಹಾಡುಗಳ ವಿಡಿಯೊಗಳನ್ನೇ ದಿನವಿಡೀ ಬಿತ್ತರಿಸುತ್ತಿದ್ದ ಎಂಟಿವಿ ವಾಹಿನಿ ಅಮೆರಿಕದಲ್ಲಿ ಆರಂಭವಾದದ್ದು 1981ರ ಆಗಸ್ಟ್ 1ರಂದು. ಹಿಪ್‌ಹಾಪ್‌ನ ಹುಟ್ಟನ್ನಾದರೋ 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ನುಡಿಸಿದ ಒಂದು ಪಾರ್ಟಿಯಿಂದ ಎಣಿಸುವುದು ವಾಡಿಕೆ. ಲಂಡನ್ನಿನ ಪಂಕ್ ಯುವಜನರು ಹರಿದ ಬಟ್ಟೆಗೆ ಸೇಫ್ಟಿ ಪಿನ್ ಚುಚ್ಚಿಕೊಂಡು ಕಿಂಗ್ಸ್ ರೋಡ್‌ನಲ್ಲಿ ಓಡಾಡಿದ್ದು 1976–77ರ ಹೊತ್ತಿಗೆ. ಜೂಡಾಸ್ ಪ್ರೀಸ್ಟ್ ಎಂಬ ಹೆವಿ ಮೆಟಲ್ ತಂಡದ ಗಾಯಕ ರಾಬ್ ಹಾಲ್ಫರ್ಡ್ ಲೋಹದ ಮೊಳೆಗಳುಳ್ಳ ಚರ್ಮದ ಉಡುಪನ್ನು ವೇದಿಕೆಗೆ ತಂದದ್ದೂ ಅದೇ ದಶಕದ ಕೊನೆಯಲ್ಲಿ.

ವಿಡಿಯೊ ಮಾಡುವ ಕೆಲಸ ಬೇರೆ: ಅದು ಒಂದು ಗುಂಪಿನ ಹೊರರೂಪವನ್ನು ಬಹುದೂರ ಒಯ್ಯುತ್ತದೆ, ಆ ರೂಪದ ಹಿಂದಿನ ಕಾರಣವನ್ನು ಮಾತ್ರ ಅನೇಕ ವೇಳೆ ಅಲ್ಲೇ ಬಿಟ್ಟುಬಿಡುತ್ತದೆ. ಇದಕ್ಕೆ 1990ರಲ್ಲಿ ಬಂದ ಮಡೋನಾ ಅವರ ‘ವೋಗ್’ ವಿಡಿಯೊಗಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರುವುದಿಲ್ಲ. ಕೈಗಳನ್ನು ಕೋನಕೋನವಾಗಿ ಮಡಿಸಿ, ಫ್ಯಾಷನ್ ಪತ್ರಿಕೆಯ ರೂಪದರ್ಶಿಗಳಂತೆ ಭಂಗಿಯಿಂದ ಭಂಗಿಗೆ ಸರಿಯುವ ಆ ನೃತ್ಯ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಕಪ್ಪುವರ್ಣೀಯ ಮತ್ತು ಲ್ಯಾಟಿನೊ ಮೂಲದ ಸಲಿಂಗಿಗಳೂ ಲಿಂಗಪರಿವರ್ತಿತರೂ ಸೇರಿ ನಡೆಸುತ್ತಿದ್ದ ‘ಬಾಲ್’ ಎಂಬ ಸ್ಪರ್ಧಾಕೂಟಗಳಲ್ಲಿ ಬೆಳೆದಿತ್ತು. ಸ್ಪರ್ಧಿಗಳು ‘ಹೌಸ್’ಗಳೆಂಬ ಬಳಗಗಳಿಗೆ ಸೇರಿರುತ್ತಿದ್ದರು; ಹೆತ್ತ ಮನೆಯಿಂದ ಹೊರಬಿದ್ದ ಎಷ್ಟೋ ತರುಣರಿಗೆ ‘ತಾಯಿ’, ‘ತಂದೆ’ ಎಂದು ಕರೆಯಲು ಅಲ್ಲಿ ಹಿರಿಯರಿದ್ದರು. ಮಡೋನಾ ಆ ಲೋಕದವರೇ ಆದ ಹೋಸೆ ಗುಟಿಯೆರೆಸ್ ಮತ್ತು ಲೂಯಿಸ್ ಕಮಾಚೊ ಅವರನ್ನು ವಿಡಿಯೊದಲ್ಲಿ ಕುಣಿಸಿದರು ಎಂಬುದನ್ನು ಮರೆಯಬಾರದು. ಆದರೆ ಹಾಡು ಹೆಸರಿಸುವುದು ಗ್ರೇಟಾ ಗಾರ್ಬೊ, ಮರಿಲಿನ್ ಮನ್ರೋ ಮೊದಲಾದ ಬಿಳಿಯ ತಾರೆಯರನ್ನು. ಹಾರ್ಲೆಮ್‌ನ ಒಬ್ಬರ ಹೆಸರೂ ಅದರಲ್ಲಿಲ್ಲ. ಜಗತ್ತು ಭಂಗಿಯನ್ನು ಕಲಿಯಿತು, ಬಳಗವನ್ನು ಅರಿಯಲಿಲ್ಲ.

ಅಮೆರಿಕದ ಸಿಯಾಟಲ್‌ನ ಗ್ರಂಜ್ ಎಂಬ ರಾಕ್ ಸಂಗೀತಕ್ಕೂ ಹೀಗೇ ಆಯಿತು. ನಿರ್ವಾಣ ತಂಡದ ವಿಡಿಯೊಗಳು 1991ರಿಂದ ಪದೇಪದೇ ಪ್ರಸಾರವಾದ ಮೇಲೆ, ಚಳಿಯ ಊರಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಚೌಕುಳಿ ಫ್ಲಾನೆಲ್ ಅಂಗಿ 1992ರ ಕೊನೆಯ ಹೊತ್ತಿಗೇ ದುಬಾರಿ ಫ್ಯಾಷನ್ ಪ್ರದರ್ಶನಗಳ ವೇದಿಕೆಯೇರಿತು.

ಯಾವುದನ್ನು ತೋರಿಸಬೇಕೆಂಬ ನಿರ್ಧಾರವೂ ವಾಹಿನಿಯ ಕೈಯಲ್ಲಿತ್ತು. ಕಪ್ಪು ಕಲಾವಿದರು ಏಕಿಷ್ಟು ವಿರಳ ಎಂದು ಬ್ರಿಟಿಷ್ ಗಾಯಕ ಡೇವಿಡ್ ಬೋವಿ 1983ರಲ್ಲಿ ಎಂಟಿವಿಯ ಸಂದರ್ಶನದಲ್ಲೇ ಕೇಳಿದ್ದರು. ರ‍್ಯಾಪ್‌ಗೆ ಅಲ್ಲಿ ಪ್ರತ್ಯೇಕ ಕಾರ್ಯಕ್ರಮ ಸಿಕ್ಕಿದ್ದು 1988ರಲ್ಲಿ.

ಆದರೂ ನೀವು ಕೇಳಿಸಿಕೊಂಡ ಮಾತು ಪೂರ್ತಿ ಸುಳ್ಳಲ್ಲ. ಮೂಲಸ್ಥಳದಿಂದ ದೂರವಿದ್ದವರಿಗೆ ವಿಡಿಯೊವೇ ಮೊದಲ ಗುರುವಾದದ್ದುಂಟು. ಮ್ಯಾಲ್ಕಮ್ ಮೆಕ್ಲಾರೆನ್ ಅವರ 1982ರ ‘ಬಫೆಲೊ ಗ್ಯಾಲ್ಸ್’ ವಿಡಿಯೊದಲ್ಲಿ ನ್ಯೂಯಾರ್ಕಿನ ರಾಕ್ ಸ್ಟೆಡಿ ಕ್ರೂ ತಂಡದ ಕುಣಿತವನ್ನು ಕಂಡೇ ಬ್ರಿಟನ್ನಿನ ಎಷ್ಟೋ ಹುಡುಗರು ಬ್ರೇಕ್‌ಡ್ಯಾನ್ಸ್ ಅಭ್ಯಾಸ ಮಾಡಿ, ತಮ್ಮವೇ ತಂಡಗಳನ್ನು ಕಟ್ಟಿದರು. ಅಂದಹಾಗೆ, ಕಿಂಗ್ಸ್ ರೋಡ್‌ನಲ್ಲಿ ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಜೊತೆ ಪಂಕ್ ಉಡುಪಿನ ಅಂಗಡಿಯಿಟ್ಟವರೂ ಇದೇ ಮೆಕ್ಲಾರೆನ್.