ಪೇಟೆಂಟ್ ಸಿಗದ ಕ್ಲೇಮಿಗೂ ಸರ್ಚ್ ಮಾಡಬೇಕೇ?

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಪೇಟೆಂಟ್ ಅರ್ಜಿಯಲ್ಲಿ ಮೂರು ಕ್ಲೇಮುಗಳು (ರಕ್ಷಣೆ ಕೇಳಿ ಬರೆದ ಅಂಶಗಳು) ಇವೆ ಎಂದು ತಾವು ಬರೆದಿದ್ದೀರಿ. ಹವಾಮಾನ ನೋಡಿ ಅಕ್ಟೋಬರ್ ಚಾಟಣಿಯ (ದ್ರಾಕ್ಷಿ ಬಳ್ಳಿ ಸವರುವ) ದಿನವನ್ನು ನಿರ್ಧರಿಸುವ ವಿಧಾನ ಮೊದಲನೆಯದು. ಒಣದ್ರಾಕ್ಷಿ ಶೆಡ್ಡಿನ ತೇವಾಂಶದಿಂದ ಫ್ಯಾನು ಓಡಬೇಕಾದ ಹೊತ್ತನ್ನು ಲೆಕ್ಕ ಹಾಕುವ ಪ್ರೋಗ್ರಾಂ ಎರಡನೆಯದು. ಸೆನ್ಸರ್ ಮತ್ತು ಫ್ಯಾನು ಅಳವಡಿಸಿದ ಒಣಗಿಸುವ ರ‍್ಯಾಕು ಮೂರನೆಯದು. ಮೊದಲ ಎರಡಕ್ಕೆ ಹೇಗೂ ಪೇಟೆಂಟ್ ಸಿಗುವುದಿಲ್ಲವಾದ್ದರಿಂದ ಅವುಗಳ ಸರ್ಚನ್ನು, ಅಂದರೆ ಅದೇ ಸಂಗತಿ ಮೊದಲೇ ಬಹಿರಂಗವಾಗಿದೆಯೇ ಎಂದು ಹುಡುಕುವುದನ್ನು, ಬಿಡಬಹುದೇ ಎಂಬುದು ತಮ್ಮ ಪ್ರಶ್ನೆ. ಬೆಳಗಾವಿಯಲ್ಲಿ ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ: ಬಿಡಬೇಡಿ.

ನಾನೊಮ್ಮೆ ಬಿಟ್ಟಿದ್ದೆ. ಉದ್ಯಮಬಾಗದ ಒಂದು ಫೌಂಡ್ರಿಯವರ ಅರ್ಜಿಯಲ್ಲಿ ಅಚ್ಚಿನ ಮರಳಿಗೆ ಎಷ್ಟು ನೀರು ಬೆರೆಸಬೇಕೆಂಬ ಲೆಕ್ಕಾಚಾರಕ್ಕೇ ಒಂದು ಕ್ಲೇಮಿತ್ತು. ಪ್ರೋಗ್ರಾಂ, ಅಲ್ಗಾರಿದಮ್‌ಗಳನ್ನು ಪೇಟೆಂಟಿನಿಂದ ಹೊರಗಿಡುವ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಅಡಿಯಲ್ಲಿ ಇದು ಬರಿಯ ಅಲ್ಗಾರಿದಮ್ ಎಂದು ವರದಿಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋದೆ. ಆಕ್ಷೇಪ ಬಂದಾಗ ಅವರು ಆ ಲೆಕ್ಕವನ್ನೇ ಮಿಕ್ಸರ್ ಯಂತ್ರದ ಕ್ಲೇಮಿನೊಳಗೆ ಸೇರಿಸಿ ತಿದ್ದುಪಡಿ ಮಾಡಿದರು. ಮುಂದಿನ ವಿಚಾರಣೆಯಲ್ಲಿ ಪರೀಕ್ಷಕರು ಮುಂದಿಟ್ಟ ಹಳೆಯ ದಾಖಲೆಯಲ್ಲಿ ಯಂತ್ರವೂ ಇತ್ತು, ಅದೇ ಲೆಕ್ಕವೂ ಇತ್ತು. ನಾನು ಹುಡುಕಿದ್ದರೆ ಅರ್ಧ ದಿನದಲ್ಲಿ ಸಿಗುತ್ತಿತ್ತು.

ಆದ್ದರಿಂದ ಸರ್ಚ್ ಮಾಡುವವರು ಕ್ಲೇಮು ಇವತ್ತು ಹೇಗಿದೆ ಎಂಬುದಕ್ಕಿಂತ ತಿದ್ದುಪಡಿಯ ನಂತರ ಅದು ಯಾವ ರೂಪಕ್ಕೆ ಇಳಿಯಬಹುದು ಎಂಬುದನ್ನು ನೋಡಬೇಕು. ಸೆಕ್ಷನ್ 59ರ ಪ್ರಕಾರ ತಿದ್ದಿದ ಕ್ಲೇಮು ಮೊದಲಿನ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕಾದ್ದರಿಂದ ಆ ರೂಪವನ್ನು ಊಹಿಸುವುದು ಕಷ್ಟವಲ್ಲ: ತಮ್ಮ ಅರ್ಜಿಯಲ್ಲಿ ಎರಡನೆಯದು ಮೂರನೆಯದರೊಳಗೆ ಸೇರಿಕೊಳ್ಳುತ್ತದೆ. ಕಾಯ್ದೆ ಹೊರಗಿಟ್ಟಿರುವುದು ಪ್ರೋಗ್ರಾಮನ್ನು ಪ್ರೋಗ್ರಾಮಾಗಿಯೇ ಕೇಳಿದಾಗ ಮಾತ್ರ. ತಾಂತ್ರಿಕ ಪರಿಣಾಮವಿದ್ದರೆ ಕೈಬಿಡುವಂತಿಲ್ಲವೆಂದು 2019ರ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಸೆನ್ಸರ್, ಲೆಕ್ಕ, ಫ್ಯಾನು ಮೂರನ್ನೂ ಒಟ್ಟಾಗಿ ಇಟ್ಟುಕೊಂಡು ಪೇಟೆಂಟ್ ವರ್ಗೀಕರಣದ ಎಫ್26ಬಿ (ಒಣಗಿಸುವಿಕೆ) ಮತ್ತು ಎ23ಬಿ 7 (ಹಣ್ಣು, ತರಕಾರಿ ಸಂರಕ್ಷಣೆ) ವರ್ಗಗಳಲ್ಲಿ ಹುಡುಕಿ.

ಚಾಟಣಿಯ ಕ್ಲೇಮಿನ ಕಥೆ ಬೇರೆ. ಸೆಕ್ಷನ್ 3(ಎಚ್) ಕೃಷಿ ಮತ್ತು ತೋಟಗಾರಿಕೆಯ ವಿಧಾನವನ್ನು ನೇರವಾಗಿ ಹೊರಗಿಡುತ್ತದೆ, ಇಲ್ಲಿ ಅದು ಉಳಿಯುವುದು ನನಗೆ ಕಾಣುವುದಿಲ್ಲ. ಆದರೆ ಬೆಳೆಗಾರರು ಅರ್ಜಿ ಹಾಕಿದ 12 ತಿಂಗಳೊಳಗೆ ಪಿಸಿಟಿ (ಅಂತರರಾಷ್ಟ್ರೀಯ ಪೇಟೆಂಟ್ ಸಹಕಾರ ಒಪ್ಪಂದ) ಮೂಲಕ ಹೊರದೇಶಕ್ಕೂ ಹೋಗುವವರಿದ್ದರೆ ಎ01ಜಿ 17 (ದ್ರಾಕ್ಷಿ, ಹಣ್ಣಿನ ಗಿಡಗಳ ಕೃಷಿ) ವರ್ಗವನ್ನೂ ನೋಡಲೇಬೇಕು. ಯುರೋಪಿನ ಪೇಟೆಂಟ್ ಒಪ್ಪಂದದ 57ನೆಯ ವಿಧಿ ಕೃಷಿಯನ್ನು ಉದ್ಯಮದೊಳಗೇ ಎಣಿಸುತ್ತದೆ, ಅಂದರೆ ಕೃಷಿ ಎಂಬ ಕಾರಣಕ್ಕೇ ಅಲ್ಲಿ ಕ್ಲೇಮು ಬೀಳುವುದಿಲ್ಲ. ಸರ್ಚ್ ಪ್ರಾಧಿಕಾರ ಬಿಡಬಹುದಾದ ವಿಷಯಗಳನ್ನು ಹೇಳುವ ಪಿಸಿಟಿ ನಿಯಮ 39ರಲ್ಲಿಯೂ ವ್ಯಾಪಾರ ವಿಧಾನ, ಚಿಕಿತ್ಸಾ ವಿಧಾನಗಳಿವೆಯೇ ಹೊರತು ಚಾಟಣಿಯಂಥ ಕೃಷಿ ವಿಧಾನಕ್ಕೆ ಪ್ರತ್ಯೇಕ ಹೆಸರಿಲ್ಲ.

ಡೇಟಾಬೇಸಿನಲ್ಲಿ ಸಿಗದ ಪೂರ್ವಜ್ಞಾನವೂ, ಅಂದರೆ ಅರ್ಜಿಗೆ ಮೊದಲೇ ಜನರಿಗೆ ಗೊತ್ತಿದ್ದ ಸಂಗತಿಯೂ, ಇದೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರಡಿ ಎರಡು ವಾರದಷ್ಟು ಒಣಗಿಸುವುದು ವಿಜಯಪುರದಿಂದ ತಾಸಗಾಂವ್‌ವರೆಗೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಅರ್ಜಿಗೆ ಮೊದಲೇ ಯಾರಾದರೂ ಆ ಅಂತಸ್ತುಗಳ ಪಕ್ಕದಲ್ಲಿ ಫ್ಯಾನಿಗೊಂದು ಹ್ಯುಮಿಡಿಟಿ ಸ್ವಿಚ್ಚು ಕಟ್ಟಿ ಬಹಿರಂಗವಾಗಿ ಬಳಸಿದ್ದರೆ ಅದೂ ಅಡ್ಡ ಬರುತ್ತದೆ. ಎರಡು ಮೂರು ಶೆಡ್ಡು ಸುತ್ತಿ, ದಿನಾಂಕವಿರುವ ಬಿಲ್ಲನ್ನೋ ಫೋಟೋವನ್ನೋ ಕೇಳಿ ಪಡೆಯಿರಿ.

ವರದಿಯಲ್ಲಿ ಪ್ರತಿ ಕ್ಲೇಮಿಗೂ ಏನನ್ನು ಹುಡುಕಿದಿರಿ, ಏನನ್ನು ಬಿಟ್ಟಿರಿ, ಯಾವ ಉಪಸೆಕ್ಷನ್ ಕಾರಣಕ್ಕೆ ಬಿಟ್ಟಿರಿ ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ‘ಪೇಟೆಂಟ್ ಸಿಗುವುದಿಲ್ಲ’ ಎಂದು ತೀರ್ಪು ಕೊಡಬೇಡಿ, ಅದು ಚೆನ್ನೈ ಪೇಟೆಂಟ್ ಕಚೇರಿಯ ಕಂಟ್ರೋಲರ್ ನಿರ್ಧರಿಸುವ ವಿಷಯ. ‘ಈ ಆಕ್ಷೇಪ ಬರುವ ಸಂಭವವಿದೆ’ ಎಂದಷ್ಟೇ ಬರೆದು ಅದರ ಕೆಳಗೆ ತಮಗೆ ಸಿಕ್ಕ ದಾಖಲೆಗಳನ್ನು ಇಡಿ.