ಬಿಟ್ಟ ಬೇಸ್ ಗಿಟಾರ್ ಮತ್ತೆ ಕೈಗೆ ಬಂದಾಗ

ಪ್ರಶ್ನೆ: 1990ರ ದಶಕದಲ್ಲಿ ನಾನು ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಗಣೇಶೋತ್ಸವ ಮತ್ತು ರಾಜ್ಯೋತ್ಸವದ ರಸಮಂಜರಿ ಕಾರ್ಯಕ್ರಮಗಳಲ್ಲಿ ರಾತ್ರಿಯಿಡೀ ನುಡಿಸಿದರೂ ಕೈ ಸೋಲುತ್ತಿರಲಿಲ್ಲ. ನೌಕರಿ, ವರ್ಗಾವಣೆ, ಸಂಸಾರಗಳ ನಡುವೆ ವಾದ್ಯ ಅಟ್ಟ ಸೇರಿತು. ಈಗ 54ನೆಯ ವಯಸ್ಸಿನಲ್ಲಿ, ಸುಮಾರು 20 ವರ್ಷಗಳ ನಂತರ, ಅದನ್ನು ಕೆಳಗಿಳಿಸಿದ್ದೇನೆ. ಹಾಡುಗಳೆಲ್ಲ ತಲೆಯಲ್ಲಿ ಹಾಗೆಯೇ ಇವೆ. ಆದರೆ ಹತ್ತು ನಿಮಿಷ ನುಡಿಸುವಷ್ಟರಲ್ಲಿ ಬೆರಳ ತುದಿ ಉರಿಯುತ್ತದೆ, ಕಿರುಬೆರಳು ಹೇಳಿದ ಮಾತು ಕೇಳುವುದಿಲ್ಲ, ಲಯ ಎಲ್ಲೆಲ್ಲೋ ಜಾರುತ್ತದೆ. ಹಳೆಯ ಕೈ ಮತ್ತೆ ಬರುತ್ತದೆಯೇ? ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಬರುತ್ತದೆ. ಆದರೆ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಹಿಂದಿರುಗಿ ಬರುವವರನ್ನು ಕಾಡುವ ನಿರಾಶೆಗೆಲ್ಲ ಇದೇ ಮೂಲವೆಂದು ನಾನು ನಂಬಿದ್ದೇನೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಸ್ಮರಣೆಯ ಅಧ್ಯಯನದಲ್ಲಿ, ಪೂರ್ತಿ ಮರೆತಂತೆ ತೋರುವ ಪಾಠವನ್ನೂ ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕೆಂಬುದನ್ನು ತಮ್ಮ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದರು. ಅವರು ಪ್ರಯೋಗಕ್ಕೆ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ಕೈಯಿಂದ ಮಾಡಿ ಕಲಿತ ವಿದ್ಯೆ ಅದಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಯಾವ ಸ್ವರ ಯಾವ ಫ್ರೆಟ್‌ನಲ್ಲಿದೆ (ಫ್ರೆಟ್ ಎಂದರೆ ವಾದ್ಯದ ಕುತ್ತಿಗೆಯ ಮೇಲಿನ ಅಡ್ಡ ಲೋಹಪಟ್ಟಿ), ಚರಣ ಮುಗಿದು ಪಲ್ಲವಿಗೆ ಮರಳುವಾಗ ಬೇಸ್ ಎಲ್ಲಿ ಇಳಿಯಬೇಕು ಎಂಬ ತಿಳಿವಳಿಕೆಯನ್ನು ನೀವು ಕಳೆದುಕೊಂಡಿಲ್ಲ. ಕಳೆದುಹೋಗಿರುವುದು ಬೆರಳ ತುದಿಯ ಜಡ್ಡು, ಮುಂಗೈ ಸ್ನಾಯುಗಳ ತಾಳಿಕೆ ಮತ್ತು ಎರಡೂ ಕೈಗಳು ಒಂದೇ ಕ್ಷಣದಲ್ಲಿ ಕೂಡಿ ಕೆಲಸ ಮಾಡುವ ಹೊಂದಾಣಿಕೆ. ಕಿವಿ ಮತ್ತು ನೆನಪು ಕೆಲವೇ ದಿನಗಳಲ್ಲಿ ಹಳೆಯ ಮಟ್ಟಕ್ಕೆ ಮರಳುತ್ತವೆ, ಕೈಗೆ ತಿಂಗಳುಗಳೇ ಬೇಕು. ಈ ಅಂತರದಲ್ಲಿ ಮನಸ್ಸು ಹಳೆಯ ವೇಗವನ್ನು ಕೇಳುತ್ತದೆ, ಕೈ ಅದನ್ನು ಕೊಡಲು ಹೋಗಿ ನೋಯುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ವೇಗವನ್ನು ಬದಿಗಿಟ್ಟು, ಲಯ ಮತ್ತು ಸ್ವರದ ಉದ್ದ ಇವೆರಡನ್ನೇ ಅಭ್ಯಾಸ ಮಾಡಿ ಎಂಬುದು ನನ್ನ ಬಲವಾದ ಸಲಹೆ.

ಬೇಸ್‌ನಲ್ಲಿ ಸ್ವರ ಎಲ್ಲಿ ಆರಂಭವಾಗುತ್ತದೆ ಎನ್ನುವಷ್ಟೇ ಎಲ್ಲಿ ನಿಲ್ಲುತ್ತದೆ ಎನ್ನುವುದೂ ಮುಖ್ಯ. ನಿಮ್ಮ ಲಯ ಜಾರುತ್ತಿದೆ ಎಂದು ಬರೆದಿದ್ದೀರಿ. ಅನೇಕ ವೇಳೆ ಜಾರುವುದು ಲಯವಲ್ಲ, ಸ್ವರದ ಕೊನೆ. ಹಿಂದಿನ ಸ್ವರ ನಿಲ್ಲದೆ ಮುಂದಿನದರ ಮೇಲೆ ಹರಿದಾಗ ಇಡೀ ಹಾಡು ಎಳೆದಂತೆ ಕೇಳುತ್ತದೆ. ಲಯದ ಬಡಿತ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಂಡು, ದಪ್ಪ ತಂತಿಯ ಐದನೆಯ ಫ್ರೆಟ್‌ನಲ್ಲಿರುವ ಎ ಸ್ವರವೊಂದನ್ನೇ ನುಡಿಸಿ. ಮೊದಲು ಬಡಿತದ ಪೂರ್ಣಾವಧಿಗೆ, ನಂತರ ಸರಿಯಾಗಿ ಅರ್ಧಕ್ಕೆ, ಆಮೇಲೆ ಕಾಲು ಭಾಗಕ್ಕೆ ಸ್ವರವನ್ನು ನಿಲ್ಲಿಸಿ. ನಿಲ್ಲಿಸುವುದೆಂದರೆ ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ಎತ್ತುವುದಲ್ಲ, ಒತ್ತಡವನ್ನು ಸಡಿಲಿಸಿ ಬೆರಳನ್ನು ತಂತಿಯ ಮೇಲೆಯೇ ಇರಿಸುವುದು. ಇದು ಹಿಡಿತಕ್ಕೆ ಬಂದ ಮೇಲೆ ಮೆಟ್ರೊನೋಮಿನ ವೇಗವನ್ನು ಅರ್ಧಕ್ಕಿಳಿಸಿ, ಅದರ ಸದ್ದನ್ನು ನಾಲ್ಕರಲ್ಲಿ ಎರಡನೆಯ ಮತ್ತು ನಾಲ್ಕನೆಯ ಬಡಿತವೆಂದು ಎಣಿಸುತ್ತ ನುಡಿಸಿ. ಒಂದನೆಯ ಮತ್ತು ಮೂರನೆಯ ಬಡಿತಗಳನ್ನು ಆಗ ನೀವೇ ಒಳಗಿನಿಂದ ಹುಟ್ಟಿಸಿಕೊಳ್ಳಬೇಕಾಗುತ್ತದೆ. ಡ್ರಮ್ಸ್ ಅಥವಾ ತಬಲಾದವರ ಜೊತೆ ಮತ್ತೆ ಕುಳಿತಾಗ ನಿಮ್ಮನ್ನು ಕಾಯುವುದು ಈ ಅಭ್ಯಾಸವೇ.

ಎಡಗೈಯ ವಿಷಯದಲ್ಲಿ ವಾದ್ಯದ ಅಳತೆಯನ್ನು ಸ್ವಲ್ಪ ಅರಿತುಕೊಂಡರೆ ಅನಗತ್ಯ ನೋವು ತಪ್ಪುತ್ತದೆ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್‌ನೊಂದಿಗೆ ಬಂದ 34 ಇಂಚಿನ ತಂತಿಯ ಉದ್ದವೇ ಇಂದಿಗೂ ಹೆಚ್ಚಿನ ಬೇಸ್‌ಗಳಲ್ಲಿದೆ. ಆ ಅಳತೆಯಲ್ಲಿ ಮೊದಲನೆಯ ಫ್ರೆಟ್‌ನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ಇದ್ದರೆ, ಐದರಿಂದ ಎಂಟಕ್ಕೆ ಸುಮಾರು 10 ಸೆಂಟಿಮೀಟರ್ ಮಾತ್ರ ಇದೆ. ಹಾಗಿರುವಾಗ ಮೊದಲ ದಿನವೇ ಕೆಳಗಿನ ನಾಲ್ಕು ಫ್ರೆಟ್‌ಗಳ ಮೇಲೆ ನಾಲ್ಕೂ ಬೆರಳುಗಳನ್ನು ಚಾಚುವ ಹಟವೇಕೆ? ಅಭ್ಯಾಸವನ್ನು ಐದನೆಯ ಫ್ರೆಟ್‌ನಿಂದ ಆರಂಭಿಸಿ, ವಾರಕ್ಕೊಂದು ಫ್ರೆಟ್‌ನಂತೆ ಕೆಳಗಿಳಿಯಿರಿ. ಮೊದಲ ಫ್ರೆಟ್‌ಗಳಲ್ಲಿ ಡಬಲ್ ಬೇಸ್ (ನಿಂತು ನುಡಿಸುವ, ಪಿಟೀಲಿನಂಥ ದೊಡ್ಡ ವಾದ್ಯ) ವಾದಕರ ಪದ್ಧತಿಯನ್ನು ಅನುಸರಿಸುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಬೋಧಕ ಫ್ರಾಂಟ್ಸ್ ಸಿಮಾಂಡ್ಲ್ ಅವರ ಹೆಸರಿನಿಂದ ಪ್ರಸಿದ್ಧವಾದ ಆ ಪದ್ಧತಿಯಲ್ಲಿ ತೋರುಬೆರಳು, ನಡುಬೆರಳು ಮತ್ತು ಕಿರುಬೆರಳು ಒತ್ತುತ್ತವೆ, ಉಂಗುರಬೆರಳು ಕಿರುಬೆರಳಿನ ಜೊತೆಗಿದ್ದು ಅದಕ್ಕೆ ಬಲ ಕೊಡುತ್ತದೆ. ಕಿರುಬೆರಳು ಮಾತು ಕೇಳದಿರುವುದು ನಿಮ್ಮ ವಯಸ್ಸಿನ ದೋಷವಲ್ಲ. ಆ ಎರಡು ಬೆರಳುಗಳ ಸ್ನಾಯುರಜ್ಜುಗಳು ಅಂಗೈಯ ಹಿಂಬದಿಯಲ್ಲಿ ಒಂದಕ್ಕೊಂದು ಜೋಡಿಕೊಂಡಿರುವುದರಿಂದ ಅವು ಪೂರ್ತಿ ಸ್ವತಂತ್ರವಾಗಿ ಚಲಿಸುವುದು ಯಾರಿಗೂ ಸುಲಭವಲ್ಲ.

ಬೆರಳ ಉರಿಗೆ ಔಷಧವೆಂದರೆ ನುಡಿಸುವ ಹೊತ್ತನ್ನು ಹಂಚಿಕೊಳ್ಳುವುದು. ಭಾನುವಾರ ಒಂದೂವರೆ ಗಂಟೆ ಕೂರುವುದಕ್ಕಿಂತ ದಿನವೂ ಬೆಳಿಗ್ಗೆ, ಸಂಜೆ ಹದಿನೈದು ನಿಮಿಷ ನುಡಿಸಿದರೆ ಚರ್ಮ ಬೇಗ ಗಟ್ಟಿಯಾಗುತ್ತದೆ, ಕಲಿತದ್ದೂ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಜಡ್ಡು ಕಟ್ಟುತ್ತದೆ. ಅಲ್ಲಿಯವರೆಗೆ ಸ್ನಾನ ಮಾಡಿದ ತಕ್ಷಣ, ಚರ್ಮ ನೆನೆದು ಮೆತ್ತಗಾಗಿರುವಾಗ, ನುಡಿಸಬೇಡಿ. ಬೊಕ್ಕೆ ಎದ್ದರೆ ಅದು ಆರುವ ತನಕ ಎಡಗೈಗೆ ವಿರಾಮ ಕೊಟ್ಟು, ತೆರೆದ ತಂತಿಗಳ ಮೇಲೆ ಬಲಗೈಯ ಎರಡು ಬೆರಳುಗಳನ್ನು ಒಂದಾದ ಮೇಲೊಂದು ಸಮವಾಗಿ ನಡೆಸುವ ಅಭ್ಯಾಸ ಮಾಡಿ. ಈ ಬಲಗೈ ಸಾಧನೆಯನ್ನು ಕಡೆಗಣಿಸುವವರೇ ಹೆಚ್ಚು. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸಂಗೀತ ಸಂಸ್ಥೆಯ ಧ್ವನಿಮುದ್ರಣಗಳಿಗೆ 1960ರ ದಶಕದಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ಬೆರಳುಗಳ ಸಂಖ್ಯೆಗಿಂತ ಪ್ರತಿ ಮೀಟಿನ ನಿಶ್ಚಯ ದೊಡ್ಡದು ಎಂಬುದನ್ನು ಅವರ ನುಡಿಸಾಣಿಕೆಯಿಂದ ಕಲಿಯಬಹುದು.

ಇನ್ನು ಹಾಡಿನ ಆಯ್ಕೆ. ಬೇಸ್ ಹೆಚ್ಚಾಗಿ ಷಡ್ಜ, ಪಂಚಮಗಳ ಮೇಲೆಯೇ ನೆಲೆನಿಂತು, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬದಲಾದಾಗ ಮಾತ್ರ ಸರಿಯುವಂಥ ನಿಧಾನಗತಿಯ ಹಾಡೊಂದನ್ನು ಮೊದಲು ಎತ್ತಿಕೊಂಡು, ತಪ್ಪಿದರೂ ನಿಲ್ಲಿಸದೆ ಪಲ್ಲವಿಯಿಂದ ಕೊನೆಯವರೆಗೆ ನುಡಿಸಿ. ಇಳಯರಾಜಾ ಅವರು ಎಂಬತ್ತರ ದಶಕದಲ್ಲಿ ಕನ್ನಡ ಚಿತ್ರಗಳಿಗೆ ಕೊಟ್ಟ ಹಾಡುಗಳ ಮೇಲೆ ಆರ್ಕೆಸ್ಟ್ರಾ ಕಲಾವಿದರಿಗಿರುವ ಪ್ರೀತಿಯನ್ನು ನಾನು ಬಲ್ಲೆ. ಅವರ ಹಾಡುಗಳಲ್ಲಿ ಬೇಸ್ ಬರಿಯ ಆಧಾರ ಸ್ವರವಾಗಿ ನಿಲ್ಲದೆ ಗಾಯಕರ ಜೊತೆ ಸಂವಾದ ನಡೆಸುವ ಇನ್ನೊಂದು ರಾಗರೇಖೆಯಾಗಿ ಹರಿಯುತ್ತದೆ, ಅದರ ಸೊಗಸೂ ಕಷ್ಟವೂ ಅಲ್ಲಿಯೇ ಇದೆ. ಅವುಗಳನ್ನು ಮೂರನೆಯ ತಿಂಗಳಿಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಆ ಬೇಸ್ ಸಾಲುಗಳನ್ನು ಬಾಯಲ್ಲಿ ಹಾಡಿಕೊಳ್ಳಿ. ಬಾಯಲ್ಲಿ ಸ್ಪಷ್ಟವಾಗಿ ಬಂದದ್ದು ಕೈಗೆ ಬರಲು ತಡವಾಗುವುದಿಲ್ಲ.

ಪ್ರಶ್ನೆ: ನನ್ನ ಬೇಸ್ ಪೆಟ್ಟಿಗೆಯಲ್ಲಿಯೇ ಹಲವು ಮಳೆಗಾಲಗಳನ್ನು ಕಳೆದಿದೆ. ತಂತಿಗೆ ತುಕ್ಕು ಹಿಡಿದಿದೆ, ತಂತಿಗಳು ಫ್ರೆಟ್‌ಗಳಿಂದ ಬಹಳ ಮೇಲೆ ಎದ್ದಿವೆ, ಒತ್ತಲು ವಿಪರೀತ ಬಲ ಬೇಕು. ಹೊಸ ವಾದ್ಯವನ್ನೇ ಕೊಳ್ಳಬೇಕೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅವಸರ ಮಾಡಬೇಡಿ. ಶ್ರುತಿಗೆ ತಂದ ನಾಲ್ಕು ತಂತಿಗಳು ಒಟ್ಟಾಗಿ ವಾದ್ಯದ ಕುತ್ತಿಗೆಯನ್ನು ಸುಮಾರು 70ರಿಂದ 80 ಕಿಲೋ ಬಲದಿಂದ ಎಳೆಯುತ್ತಿರುತ್ತವೆ. ಕರಾವಳಿಯ ತೇವಕ್ಕೆ ಮರ ಹಿಗ್ಗಿ ಕುಗ್ಗುವಾಗ ಈ ಎಳೆತಕ್ಕೆ ಕುತ್ತಿಗೆ ಮುಂದಕ್ಕೆ ಬಾಗುವುದು ಸಹಜ. ಅದನ್ನು ಸರಿಪಡಿಸಲೆಂದೇ ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಬಾಗು ಎಷ್ಟಿದೆ ಎಂದು ನೀವೇ ನೋಡಬಹುದು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದಲೂ ಕುತ್ತಿಗೆ ಒಡಲನ್ನು ಕೂಡುವಲ್ಲಿನ ಫ್ರೆಟ್‌ನಲ್ಲಿ ಇನ್ನೊಂದು ಕೈಯಿಂದಲೂ ಒತ್ತಿ ಹಿಡಿದಾಗ, ನಡುವೆ ಏಳನೆಯ ಅಥವಾ ಎಂಟನೆಯ ಫ್ರೆಟ್ ಬಳಿ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಎಂದರೆ ಸುಮಾರು 0.3 ಮಿಲಿಮೀಟರ್, ಅಂತರವಿದ್ದರೆ ಸಾಕು. ಅದಕ್ಕಿಂತ ಬಹಳ ಹೆಚ್ಚಿದ್ದರೆ ರಾಡನ್ನು ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಮರ ಹೊಂದಿಕೊಳ್ಳಲು ಒಂದು ದಿನ ಬಿಟ್ಟು ಮತ್ತೆ ಅಳೆಯಬೇಕು. ತಿರುಗಿಸುವಾಗ ಬಿಗಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ, ಗಿಟಾರ್ ದುರಸ್ತಿ ಬಲ್ಲವರಲ್ಲಿ ಕೊಡಿ. ಒತ್ತಾಯಿಸಿ ಮುರಿದ ರಾಡನ್ನು ಸರಿಪಡಿಸುವುದು ಬಹಳ ಕಷ್ಟ.

ತುಕ್ಕು ಹಿಡಿದ ತಂತಿಗಳನ್ನು ಮಾತ್ರ ಯಾವ ಮೋಹವೂ ಇಲ್ಲದೆ ತೆಗೆದುಹಾಕಿ. ಅವು ಬೆರಳನ್ನೂ ಕೊರೆಯುತ್ತವೆ, ಫ್ರೆಟ್‌ಗಳನ್ನೂ ಸವೆಸುತ್ತವೆ. ಸಾಮಾನ್ಯ ಗಾತ್ರವಾದ 45–105ರ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ) ಬದಲು 40–95ರ ತೆಳು ತಂತಿಗಳನ್ನು ಹಾಕಿಸಿದರೆ ಮೊದಲ ತಿಂಗಳುಗಳ ಶ್ರಮ ಕಡಿಮೆಯಾಗುತ್ತದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 2ರಿಂದ 2.5 ಮಿಲಿಮೀಟರಿನ ಆಸುಪಾಸಿನಲ್ಲಿರಲಿ. ನಿಮ್ಮದು ಬ್ಯಾಟರಿ ಬಳಸುವ ಆಕ್ಟಿವ್ ಬೇಸ್ ಆಗಿದ್ದರೆ ಹಳೆಯ 9 ವೋಲ್ಟ್ ಬ್ಯಾಟರಿ ಸೋರಿದೆಯೇ ನೋಡಿ. ಇನ್ನು ಮುಂದೆ ನುಡಿಸಿ ಮುಗಿದ ಕೂಡಲೇ ಕೇಬಲನ್ನು ಕಳಚಿಡಿ. ಇಂಥ ವಾದ್ಯಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಪ್ರಶ್ನೆ: ಹದಿನೈದು ವರ್ಷಗಳ ನಂತರ ಉತ್ಸಾಹದಿಂದ ದಿನಕ್ಕೆ ಎರಡು ಗಂಟೆ ನುಡಿಸಲು ಆರಂಭಿಸಿದೆ. ಎರಡನೆಯ ವಾರದಿಂದ ಎಡಗೈ ಮಣಿಕಟ್ಟಿನಲ್ಲಿ ನೋವಿದೆ, ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವೆ. ನೋವನ್ನು ತಡೆದುಕೊಂಡು ಮುಂದುವರಿದರೆ ಸರಿಹೋಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ದಯವಿಟ್ಟು ಮುಂದುವರಿಸಬೇಡಿ. ಬೆರಳ ತುದಿಯ ಉರಿಯನ್ನು ಸಹಿಸಿಕೊಳ್ಳಬಹುದು, ಸ್ನಾಯುವಿನ ದಣಿವಿಗೆ ವಿಶ್ರಾಂತಿ ಸಾಕು. ಮಣಿಕಟ್ಟಿನ ನೋವು ಮತ್ತು ಜೋಮು ಬೇರೆಯದೇ ಜಾತಿಯವು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಸ್ನಾಯುರಜ್ಜುಗಳ ಜೊತೆಗೆ ನರವೂ ಹಾದುಹೋಗುತ್ತದೆ. ಅದರ ಮೇಲೆ ಒತ್ತಡ ಬಿದ್ದಾಗ ರಾತ್ರಿ ಜೋಮು ಹಿಡಿಯುವುದು ತಿಳಿದಿರುವ ಲಕ್ಷಣ. ಕೆಲವು ದಿನ ಪೂರ್ತಿ ನಿಲ್ಲಿಸಿ, ತಡಮಾಡದೆ ಮೂಳೆತಜ್ಞರನ್ನು ಅಥವಾ ಫಿಸಿಯೋಥೆರಪಿಸ್ಟರನ್ನು ಕಾಣಿರಿ, ನೀವು ವಾದ್ಯ ನುಡಿಸುವವರೆಂಬುದನ್ನು ಅವರಿಗೆ ಮೊದಲೇ ಹೇಳಿ.

ಅವರು ಒಪ್ಪಿದ ಮೇಲೆ ಮರಳುವಾಗ ವಾದ್ಯ ಹಿಡಿಯುವ ರೀತಿಯನ್ನು ತಿದ್ದಿಕೊಳ್ಳಬೇಕು. ಪಟ್ಟಿಯನ್ನು ಉದ್ದ ಬಿಟ್ಟು ಬೇಸನ್ನು ಸೊಂಟದ ಕೆಳಗೆ ತೂಗಿಸಿದರೆ ನೋಡಲು ಚೆಂದವೆಂದು ಅನೇಕರು ಭಾವಿಸುತ್ತಾರೆ, ಆದರೆ ಆಗ ಮಣಿಕಟ್ಟು ಚೂಪಾಗಿ ಮಡಚಿಕೊಳ್ಳುತ್ತದೆ. ಕುಳಿತಾಗ ಬೇಸ್ ಎಷ್ಟು ಎತ್ತರದಲ್ಲಿರುತ್ತದೆಯೋ ನಿಂತಾಗಲೂ ಅಷ್ಟೇ ಎತ್ತರದಲ್ಲಿರುವಂತೆ ಅಗಲವಾದ ಪಟ್ಟಿಯನ್ನು ಸರಿಪಡಿಸಿ, ಕುತ್ತಿಗೆಯ ತುದಿಯನ್ನು ತುಸು ಮೇಲಕ್ಕೆತ್ತಿ ಹಿಡಿಯಿರಿ. ಹೆಬ್ಬೆರಳು ಕುತ್ತಿಗೆಯ ಹಿಂದೆ ಸುಮ್ಮನೆ ಆತುಕೊಂಡಿರಲಿ, ಇಕ್ಕಳದಂತೆ ಹಿಂಡಬಾರದು. ಎಷ್ಟು ಬಲ ಬೇಕೆಂದು ತಿಳಿಯಲು, ಫ್ರೆಟ್‌ನ ಪಕ್ಕದಲ್ಲಿ ಬೆರಳನ್ನು ತಂತಿಗೆ ಬರಿದೆ ತಾಗಿಸಿ ಮೀಟುತ್ತ ನಿಧಾನವಾಗಿ ಒತ್ತಡವನ್ನು ಹೆಚ್ಚಿಸುತ್ತ ಹೋಗಿ. ಗರಗರ ಸದ್ದು ನಿಂತು ಸ್ವರ ಶುದ್ಧವಾಗಿ ಕೇಳಿಸಿದ ಕ್ಷಣದ ಬಲವೇ ಸಾಕು.

ಪ್ರಶ್ನೆ: ಮನೆಯಲ್ಲಿ ಎಲ್ಲರೂ ಮಲಗಿದ ಮೇಲಷ್ಟೇ ನನಗೆ ಬಿಡುವು. ಆಂಪನ್ನು (ಆಂಪ್ಲಿಫೈಯರನ್ನು) ತೀರಾ ಸಣ್ಣಗೆ ಇಟ್ಟು ನುಡಿಸುತ್ತೇನೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿದರೆ ಬೇಸ್ ಇದ್ದದ್ದೇ ತಿಳಿಯುವುದಿಲ್ಲ. ಇದರಿಂದ ಅಭ್ಯಾಸ ಕೆಡುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಕೆಡುವ ಸಾಧ್ಯತೆ ಇದೆ. ಸದ್ದು ಸಾಲದೆಂದು ಬಲಗೈ ತನಗೆ ಅರಿವಿಲ್ಲದೆಯೇ ತಂತಿಯನ್ನು ಜೋರಾಗಿ ಎಳೆಯಲಾರಂಭಿಸುತ್ತದೆ, ಅದರೊಂದಿಗೆ ಎಡಗೈಯೂ ಬಿಗಿಯುತ್ತದೆ. ದಪ್ಪ ತಂತಿಯ ತೆರೆದ ಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಅಷ್ಟು ಕೆಳಗಿನ ಸ್ವರವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು, ಆದ್ದರಿಂದ ಅದರಲ್ಲಿ ಕೇಳಿ ನಿಮ್ಮ ನುಡಿಸಾಣಿಕೆಯನ್ನು ಅಳೆಯಬೇಡಿ. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯುಳ್ಳ ಹೆಡ್‌ಫೋನನ್ನು ಆಂಪಿನ ಹೆಡ್‌ಫೋನ್ ಕಿಂಡಿಗೆ ಜೋಡಿಸಿ ಸಾಕಷ್ಟು ಧ್ವನಿ ಇಟ್ಟುಕೊಂಡು ಹಗುರವಾಗಿ ಮೀಟಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ತಡವಾಗಿ ಬರುವುದರಿಂದ ಲಯದ ಅಭ್ಯಾಸಕ್ಕೆ ಅದು ಸಲ್ಲದು. ಮುದ್ರಿಸಿಕೊಂಡದ್ದನ್ನೂ ಹೆಡ್‌ಫೋನಿನಲ್ಲಿಯೇ, ಆದರೆ ಮರುದಿನ ಕೇಳಿ. ನುಡಿಸಿದ ಕೂಡಲೇ ಕೇಳಿದರೆ ಕೈಯ ದಣಿವೇ ಕಿವಿಯ ತೀರ್ಪಾಗಿಬಿಡುತ್ತದೆ.